ದೋಣಿ ಓಡುತ್ತಿದ್ದ ಕಾಲುವೆ

ಪ್ರಶ್ನೆ: ಮದುವೆಯಾಗಿ ಆದೋನಿಯಿಂದ ಕರ್ನೂಲಿಗೆ ಬಂದಿದ್ದೇನೆ. ಇಲ್ಲಿನ ಕೆ.ಸಿ. ಕಾಲುವೆಯಲ್ಲಿ ಹಿಂದೆ ದೋಣಿ ಓಡಾಡುತ್ತಿದ್ದವು ಅಂತ ನಮ್ಮ ಮಾವ ಹೇಳುತ್ತಾರೆ. ನಿಜವೇ? ಈಗ ಅದರಿಂದ ಏನು ಉಪಯೋಗ?

ಉತ್ತರ: ನಿಜಾನೇ, ತಂಗಿ. ಕೆ.ಸಿ. ಅಂದರೆ ಕರ್ನೂಲು–ಕಡಪ. 1860ರ ದಶಕದಲ್ಲಿ ಮದ್ರಾಸ್ ನೀರಾವರಿ ಕಂಪನಿ ಅನ್ನುವ ಖಾಸಗಿ ಕಂಪನಿ ತೋಡಿಸಿದ್ದು. ಇದರ ಹಿಂದೆ ಇದ್ದದ್ದು ಗೋದಾವರಿಗೆ ಅಣೆ ಕಟ್ಟಿಸಿದ ಆರ್ಥರ್ ಕಾಟನ್ ಅವರ ವಿಚಾರ. ಒಂದೇ ನೀರಲ್ಲಿ ಬೆಳೆಯೂ ಆಗಲಿ, ಸರಕೂ ಸಾಗಲಿ ಅಂತ. ಸುಂಕೇಸುಲದಲ್ಲಿ ತುಂಗಭದ್ರೆಗೆ ಅಣೆ ಕಟ್ಟಿ, ಕಡಪದವರೆಗೆ ಸುಮಾರು 300 ಕಿಲೋಮೀಟರ್ ಹರಿಸಿದರು.

ನೆಲ ಇಳಿಜಾರು. ದೋಣಿ ಇಳಿಯೋದು ಹೇಗೆ? ಅದಕ್ಕೇ ಲಾಕು ಕಟ್ಟುತ್ತಿದ್ದರು. ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ ಅನ್ನಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರನ್ನು ಮೆಲ್ಲಗೆ ಕೆಳಗೆ ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಇಳಿಯುತ್ತೆ. ಆಮೇಲೆ ಮುಂದಿನ ಬಾಗಿಲು ತೆರೆದರೆ ಆಯಿತು.

ಆದರೆ ಕಂಪನಿಗೆ ಲಾಭ ಬರಲಿಲ್ಲ. ನಮ್ಮದು ಎರೆ ಭೂಮಿ, ಜೋಳಕ್ಕೂ ಹತ್ತಿಗೂ ಮಳೆಯೇ ಆಧಾರ. ದುಡ್ಡು ಕೊಟ್ಟು ನೀರು ಕೊಳ್ಳಲು ರೈತರು ಮುಂದೆ ಬರಲಿಲ್ಲ. ಅವರು ತಪ್ಪು ಅಂತ ನಾನು ಹೇಳಲಾರೆ. ಎರೆ ನೆಲಕ್ಕೆ ಜಾಸ್ತಿ ನೀರು ನಿಂತರೆ ಜೋಳ ಹಳದಿಯಾಗುತ್ತೆ, ಕಣ್ಣಾರೆ ನೋಡಿದ್ದೇನೆ. 1882ರಲ್ಲಿ ಸರ್ಕಾರವೇ ಕಾಲುವೆ ಕೊಂಡುಕೊಂಡಿತು.

ಈಗ ದೋಣಿ ಇಲ್ಲ, ಭತ್ತ ಇದೆ. ಸುಮಾರು ಎರಡೂವರೆ ಲಕ್ಷ ಎಕರೆಗೆ ಇದೇ ಆಸರೆ. ನದಿಯಲ್ಲಿ ನೀರು ಕಡಿಮೆಯಾದಾಗ ಮುಚ್ಚುಮರ್ರಿಯಲ್ಲಿ ಶ್ರೀಶೈಲದ ಹಿನ್ನೀರನ್ನು ಪಂಪಿನಿಂದ ಎತ್ತಿ ಕಾಲುವೆಗೆ ಬಿಡುತ್ತಾರೆ. ನಮ್ಮ ಅಕ್ಕನ ಹೊಲ ಕಾಲುವೆಯ ಕೊನೆಯ ಕಡೆ. ನೀರಿನ ಸರದಿ ಬಂದ ರಾತ್ರಿ ಭಾವ ಟಾರ್ಚ್ ಹಿಡಿದು ಬದುವಿನ ಮೇಲೇ ಕೂರುತ್ತಾರೆ. ಅದಕ್ಕೇ ಊರೊಳಗೆ ಜನ ಕಾಲುವೆಗೆ ಕಸದ ಚೀಲ ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಆ ಪ್ಲಾಸ್ಟಿಕ್ ಹೋಗಿ ತೂಬಿಗೆ ಸಿಕ್ಕಿಕೊಳ್ಳುತ್ತೆ, ಕೊನೆಯವರಿಗೆ ಬರುವ ನೀರು ಅಲ್ಲೇ ನಿಲ್ಲುತ್ತೆ, ಅಲ್ವಾ?

ಕಾಲುವೆಗೆ ನೀರು ಬಿಟ್ಟಾಗ ಹಂದ್ರಿ ನದಿ ದಾಟುವ ಜಾಗಕ್ಕೆ ಹೋಗಿ ನೋಡಿ. ಕೆಳಗೆ ನದಿ, ಅದರ ಮೇಲಿನ ಸೇತುವೆಯಲ್ಲಿ ಕಾಲುವೆ. ಮಾವನವರನ್ನೂ ಕರೆದುಕೊಂಡು ಹೋಗಿ.