ಹಳೇ ಲೂಯಿ ವಿಟಾನ್ ಬ್ಯಾಗಿನೊಳಗೆ ‘ಎಸ್‌ಪಿ 0948’ ಅಂತಿದೆ. ಇದು 1948ರದ್ದಾ? ಅಸಲಿನಾ?

1948 ಅಲ್ಲ. ಏಪ್ರಿಲ್ 1998. ಅಸಲಿ ಹೌದೋ ಅಲ್ಲವೋ ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ, ಅದಕ್ಕೆ ಮೊದಲು ಹಿಡಿಕೆ ನೋಡಬೇಕು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ಇಷ್ಟು. ಸಕಲೇಶಪುರ ಕಡೆಯ ಒಂದು ಎಸ್ಟೇಟ್ ಮನೆಯವರು ಫ್ರಾನ್ಸಿನ ಲೂಯಿ ವಿಟಾನ್ ಕಂಪನಿಯ ‘ಸ್ಪೀಡಿ’ ಅನ್ನುವ ಮಾದರಿಯ ಬ್ಯಾಗನ್ನು 38 ಸಾವಿರಕ್ಕೆ ಕೊಡುತ್ತೇವೆ ಅಂದಿದ್ದಾರೆ. ಅಜ್ಜಿ ಕಾಲದ್ದು ಅನ್ನುತ್ತಾರೆ. ಒಂದು ಬದಿಯಲ್ಲಿ ಎಲ್‌ವಿ ಗುರುತು ತಲೆಕೆಳಗಾಗಿದೆ. ಹಿಡಿಕೆ ಹೊಸದರ ಹಾಗೆ ಕೆನೆ ಬಣ್ಣದಲ್ಲಿದೆ. ಜೊತೆಗೆ ಒಂದು ಕಾರ್ಡು, ಒಂದು ಬಿಲ್ಲು ಕೊಡುತ್ತಾರಂತೆ. ಅದೇ ಮನೆಯಲ್ಲಿ ಶನೆಲ್ ಅನ್ನುವ ಇನ್ನೊಂದು ಫ್ರೆಂಚ್ ಕಂಪನಿಯ ಬ್ಯಾಗು ಕೂಡ ಇದೆಯಂತೆ.

ಚಿಕ್ಕಮಗಳೂರಿನಲ್ಲಿ ಚರ್ಮದ ಬ್ಯಾಗು, ಸೂಟ್‌ಕೇಸ್ ರಿಪೇರಿ ನಮ್ಮ ಮನೆಯ ಕೆಲಸ. ತೋಟದ ಮನೆಗಳಿಂದ ಇಂಥ ಬ್ಯಾಗುಗಳು ಬರುತ್ತಲೇ ಇರುತ್ತವೆ. ಜಿಪ್ಪು ಬದಲಿಸುವುದಕ್ಕೆ, ಬೂಷ್ಟು ತೆಗೆಯುವುದಕ್ಕೆ. ಬಿಚ್ಚಿ ಹೊಲಿಯುವವನಿಗೆ ಒಳಭಾಗವೂ ಕಾಣುತ್ತದಲ್ವಾ, ಅಲ್ಲಿಂದಲೇ ಹೇಳುತ್ತೇನೆ.

ಮೊದಲು ಸಂಖ್ಯೆ ಓದುವ ರೀತಿ. 1990ರಿಂದ 2006ರವರೆಗೆ ಲೂಯಿ ವಿಟಾನ್ ಎರಡು ಅಕ್ಷರ, ನಾಲ್ಕು ಅಂಕಿ ಒತ್ತುತ್ತಿತ್ತು. ಅಂಕಿಗಳನ್ನು ಒಂದು ಬಿಟ್ಟು ಒಂದು ಓದಬೇಕು. ಮೊದಲನೆಯದು, ಮೂರನೆಯದು ಸೇರಿದರೆ ತಿಂಗಳು. ಎರಡನೆಯದು, ನಾಲ್ಕನೆಯದು ಸೇರಿದರೆ ವರ್ಷ. 0948ರಲ್ಲಿ ತಿಂಗಳು 04, ವರ್ಷ 98. 2007ರಿಂದ ತಿಂಗಳಿನ ಜಾಗಕ್ಕೆ ವಾರ ಬಂತು. ಉದಾಹರಣೆಗೆ 3150 ಅಂದರೆ 2010ನೇ ಇಸವಿಯ 35ನೇ ವಾರ. ಹಾಗಾಗಿ 1990ರ ದಶಕದ ಬ್ಯಾಗು ಅಂತ ಹೇಳಿ, ತಿಂಗಳಿನ ಜಾಗದಲ್ಲಿ 12ಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಅಲ್ಲೇ ಬಿಟ್ಟುಬಿಡಿ. 2021ರ ಮಾರ್ಚ್‌ನಿಂದ ಈ ಸಂಖ್ಯೆಯನ್ನೇ ನಿಲ್ಲಿಸಿ ಒಳಗೆ ಚಿಪ್ ಇಡುತ್ತಿದ್ದಾರೆ.

ಸ್ಪೀಡಿ ಮಾದರಿ 1930ರ ದಶಕದಿಂದಲೂ ಇರುವುದರಿಂದ ನಿಮಗೆ 1948 ಅನ್ನಿಸಿದ್ದು ಸಹಜ. ಆದರೆ ಸಂಖ್ಯೆ ಒತ್ತುವ ಪದ್ಧತಿ ಶುರುವಾದದ್ದೇ 1980ರ ದಶಕದ ಆರಂಭದಲ್ಲಿ. ನಿಜವಾಗಿಯೂ 1948ರ ಬ್ಯಾಗಾಗಿದ್ದರೆ ಒಳಗೆ ಇಂಥ ಸಂಖ್ಯೆ ಇರುತ್ತಲೇ ಇರಲಿಲ್ಲ.

‘ಎಸ್‌ಪಿ’ ಫ್ರಾನ್ಸಿನ ಕಾರ್ಖಾನೆಯ ಗುರುತು. ಆದ್ದರಿಂದ ಕಂಪನಿಯ ಹೆಸರು ಒತ್ತಿರುವ ಚರ್ಮದ ತುಂಡಿನಲ್ಲಿ ‘ಮೇಡ್ ಇನ್ ಫ್ರಾನ್ಸ್’ ಅಂತಲೇ ಇರಬೇಕು. ಇಟಲಿ, ಸ್ಪೇನ್ ಅಂತ ಇದ್ದರೆ ಮಾತೇ ಬೇಡ. ಎಸ್‌ಡಿ ಥರದ ಕೆಲವು ಜೋಡಿಗಳು ಫ್ರಾನ್ಸಿನಲ್ಲೂ ಅಮೆರಿಕದಲ್ಲೂ ಬಳಕೆಯಾಗಿವೆ, ಎಸ್‌ಪಿ ಹಾಗಲ್ಲ. ಆ ಮುದ್ರೆಯ ಅಕ್ಷರಗಳನ್ನೂ ಹತ್ತಿರದಿಂದ ನೋಡಿ. ‘ಎಲ್’ನ ಕೆಳಗಿನ ಕಡ್ಡಿ ಗಿಡ್ಡಕ್ಕಿರುತ್ತದೆ. ‘ಒ’ಗಳು ಪೂರಾ ದುಂಡಗೆ, ದೊಡ್ಡದಾಗಿರುತ್ತವೆ. ಎರಡು ‘ಟಿ’ಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇರುತ್ತವೆ. ನಕಲಿಯಲ್ಲಿ ಹೆಚ್ಚಾಗಿ ‘ಒ’ ಮೊಟ್ಟೆಯ ಆಕಾರಕ್ಕೆ ಹೋಗಿರುತ್ತದೆ.

ಇಷ್ಟೆಲ್ಲ ಸರಿ ಬಂದರೂ ಅಸಲಿ ಅನ್ನುವ ಹಾಗಿಲ್ಲ. ಅಸಲಿ ಬ್ಯಾಗಿನ ಸಂಖ್ಯೆಯನ್ನು ನೋಡಿ ಒತ್ತುವುದು ನಕಲಿ ಮಾಡುವವರಿಗೆ ಕಷ್ಟವೇ ಅಲ್ಲ. ಜೊತೆಗೆ ಈ ಸಂಖ್ಯೆ ಒಂದು ಬ್ಯಾಗಿಗೆ ಒಂದು ಅಂತ ಇಲ್ಲ. ಒಂದೇ ಕಾರ್ಖಾನೆ, ಒಂದೇ ತಿಂಗಳು ಆದರೆ ಎಷ್ಟೋ ಬ್ಯಾಗುಗಳ ಮೇಲೆ ಇದೇ ಸಂಖ್ಯೆ ಇರುತ್ತದೆ. ಸಂಖ್ಯೆ ಹೇಳುವ ವಯಸ್ಸು ಬ್ಯಾಗಿನ ಮೈಮೇಲೂ ಕಾಣುತ್ತಿದೆಯಾ ಅಂತ ನೋಡಬೇಕು. ನನ್ನ ಪ್ರಕಾರ ಪರೀಕ್ಷೆ ಅಂದರೆ ಅದೇ.

ಇಲ್ಲಿಯೇ ನಿಮ್ಮ ಕೆನೆ ಬಣ್ಣದ ಹಿಡಿಕೆ ನನಗೆ ಅನುಮಾನ ತರುತ್ತಿರುವುದು.

ಸ್ಪೀಡಿಯ ಮೈ ಚರ್ಮ ಅಲ್ಲ, ಮೇಲೆ ಲೇಪ ಕೊಟ್ಟ ಹತ್ತಿಯ ಕ್ಯಾನ್ವಾಸ್. ಹಿಡಿಕೆ, ಪೈಪಿಂಗ್ (ಅಂಚಿನುದ್ದಕ್ಕೂ ಹೊಲಿದ ಸಣ್ಣ ದುಂಡು ಪಟ್ಟಿ), ಜಿಪ್ಪಿನ ತುದಿಯ ತುಂಡು ಮಾತ್ರ ಚರ್ಮ. ಅದೂ ಬಣ್ಣ, ಪಾಲಿಶ್ ಏನೂ ಇಲ್ಲದ ಹಸುವಿನ ಚರ್ಮ, ವಾಶೆಟ್ಟಾ ಅನ್ನುತ್ತಾರೆ. ಹೊಸದರಲ್ಲಿ ಬೆಳ್ಳಗಿರುತ್ತದೆ. ಬಿಸಿಲು, ಕೈಯ ಬೆವರು, ಎಣ್ಣೆ ತಾಗಿ ವರ್ಷಗಳಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಡುಕಂದು. ಮಳೆಹನಿ ಬಿದ್ದರೆ ಅಲ್ಲೇ ಗುಂಡಗೆ ಕಲೆ ಕೂರುತ್ತದೆ, ಹೋಗುವುದಿಲ್ಲ. ಮಲೆನಾಡಿನ ಮಳೆಗಾಲಗಳನ್ನು ಕಂಡ 1998ರ ಹಿಡಿಕೆ ಇನ್ನೂ ಕೆನೆ ಬಣ್ಣದಲ್ಲಿದೆ ಅಂದರೆ ನಂಬುವುದು ಕಷ್ಟ. ಬೀರುವಿನಲ್ಲೇ ಇಟ್ಟಿದ್ದರೂ ಸ್ವಲ್ಪವಾದರೂ ಬಣ್ಣ ಏರಿರಬೇಕು.

ಹಾಗಂತ ಇದೊಂದರಿಂದಲೇ ನಕಲಿ ಅಂತ ತೀರ್ಮಾನಿಸಬೇಡಿ. ಹಿಡಿಕೆ ಬದಲಾಯಿಸಿರಬಹುದು. ಕಂಪನಿಯೇ ಹಳೇ ಬ್ಯಾಗಿಗೆ ಹೊಸ ಹಿಡಿಕೆ ಹಾಕಿಕೊಡುವುದುಂಟು. ತಿಳಿಯುವುದು ಹೀಗೆ: ಹಿಡಿಕೆಯ ಬಣ್ಣವನ್ನು ಪೈಪಿಂಗ್ ಮತ್ತು ಜಿಪ್ಪಿನ ತುದಿಯ ಚರ್ಮದ ಜೊತೆ ಹೋಲಿಸಿ. ಹಿಡಿಕೆ ಬೆಳ್ಳಗಿದ್ದು ಉಳಿದ ಚರ್ಮ ಕಪ್ಪೇರಿದ್ದರೆ ಬದಲಾಯಿಸಿದ ಮಾತು ಒಪ್ಪುವಂಥದ್ದೇ. ಎಲ್ಲವೂ ಒಂದೇ ಥರ ಬೆಳ್ಳಗಿದ್ದರೆ 1998ರ ಕಥೆ ಸುಳ್ಳು.

ಇದರ ಉಲ್ಟಾ ಕೂಡ ನೋಡಿದ್ದೇನೆ. ಹಳೇದಾಗಿ ಕಾಣಲಿ ಅಂತ ಹೊಸ ಚರ್ಮಕ್ಕೆ ಕಂದು ಬಣ್ಣ ಹಚ್ಚಿರುತ್ತಾರೆ. ಹಿಡಿಕೆ ಸೇರುವ ಜಾಗದಲ್ಲಿ ಪಟ್ಟಿಯನ್ನು ಸ್ವಲ್ಪ ಎತ್ತಿ ಒಳಮೈ ನೋಡಿ. ನಿಜವಾಗಿ ಹಳೇದಾದರೆ ಬೆಳಕು ತಾಗದ ಅಡಿಭಾಗ ಮೇಲಿಗಿಂತ ತಿಳಿಯಾಗಿರುತ್ತದೆ, ಕೈ ಹಿಡಿಯುವ ನಡುಭಾಗ ಎಲ್ಲಕ್ಕಿಂತ ಕಪ್ಪಗಿರುತ್ತದೆ. ಹಚ್ಚಿದ ಬಣ್ಣ ಸಂದಿಗೊಂದಿಯಲ್ಲೂ ಒಂದೇ ಸಮ ಇರುತ್ತದೆ. ಹಿಡಿಕೆಯ ಕತ್ತರಿಸಿದ ಅಂಚಿಗೆ ಕಡುಗೆಂಪು ಲೇಪ ಇರುತ್ತದೆ, ಅದನ್ನೂ ನೋಡಿ. ಹಳೇದರಲ್ಲಿ ಅದು ಅಲ್ಲಲ್ಲಿ ಬಿರುಕು ಬಿಟ್ಟಿರುತ್ತದೆ.

ತಲೆಕೆಳಗಾದ ಗುರುತಿನ ಬಗ್ಗೆ ಹೆದರಬೇಡಿ. ಅದು ಒಳ್ಳೇ ಲಕ್ಷಣವೇ. ಮೊನೋಗ್ರಾಮ್ ಸ್ಪೀಡಿಯಲ್ಲಿ, ಅಂದರೆ ಮೈತುಂಬ ಎಲ್‌ವಿ ಗುರುತಿನ ಚಿತ್ತಾರ ಇರುವುದರಲ್ಲಿ, ಒಂದೇ ತುಂಡು ಕ್ಯಾನ್ವಾಸ್ ಮುಂದಿನಿಂದ ತಳದ ಮೂಲಕ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ತಳದಲ್ಲಿ ಜೋಡಣೆಯ ಹೊಲಿಗೆ ಇಲ್ಲ, ಹಾಗಾಗಿ ಒಂದು ಬದಿ ತಲೆಕೆಳಗಾಗಲೇಬೇಕು. ಎರಡೂ ಬದಿ ನೆಟ್ಟಗಿದ್ದರೇ ಅನುಮಾನ ಪಡಬೇಕು. ಎಡಕ್ಕೂ ಬಲಕ್ಕೂ ಚಿತ್ತಾರ ಸಮ ಕಾಣಬೇಕು. ಒಳಗಿನ ಲೈನಿಂಗ್ ಕಂದು ಬಣ್ಣದ ಹತ್ತಿ ಬಟ್ಟೆ. ಮಿರಮಿರ ಮಿಂಚುವ ಸಿಂಥೆಟಿಕ್ ಬಟ್ಟೆ ಇದ್ದರೆ ಬೇಡ.

ನಮ್ಮ ಕಡೆಯ ಹವೆಯಿಂದ ಬರುವ ಕೆಲವು ದೋಷಗಳನ್ನು ನೋಡಿ ಜನ ಒಳ್ಳೇ ಬ್ಯಾಗನ್ನೇ ನಕಲಿ ಅಂದುಬಿಡುತ್ತಾರೆ, ನೋಡಿ ಬೇಜಾರಾಗುತ್ತದೆ. ಬೂಷ್ಟಿನ ವಾಸನೆ, ನುಸಿಗುಳಿಗೆ ವಾಸನೆ ಯಾವ ಬೀರುವಿನಲ್ಲಿಟ್ಟರೂ ಬರುತ್ತದೆ. ಹಿತ್ತಾಳೆಗೆ ಕಿಲುಬು ಕಟ್ಟುತ್ತದೆ. ಕಿಲುಬು ಕಟ್ಟಿದ್ದರೆ ಒಳಗಿರುವುದು ಹಿತ್ತಾಳೆ ಅಂತ ತಿಳಿಯಬಹುದು. ಮೇಲಿನ ಬಂಗಾರದ ಬಣ್ಣ ಸಿಪ್ಪೆಯಾಗಿ ಎದ್ದು ಕೆಳಗೆ ಬೂದು ಲೋಹ ಕಾಣುವುದೇ ಕೆಟ್ಟ ಗುರುತು. 90ರ ದಶಕದ ಬಕೆಟ್ ಥರದ ಬ್ಯಾಗುಗಳಲ್ಲಿ ಒಳಗಿನ ಸಿಂಥೆಟಿಕ್ ಲೈನಿಂಗ್ ಅಂಟಂಟಾಗಿ ಪುಡಿ ಉದುರುತ್ತದೆ. ಅದು ಅಸಲಿಗೂ ಆಗುತ್ತದೆ.

ಇನ್ನು ಕಾರ್ಡು, ಬಿಲ್ಲು. ಲೂಯಿ ವಿಟಾನ್ ತನ್ನ ಬ್ಯಾಗಿಗೆ ‘ಅಸಲಿ’ ಅಂತ ದೃಢೀಕರಿಸುವ ಕಾರ್ಡು ಕೊಡುವುದಿಲ್ಲ. ಎರ್ಮೆಸ್ ಅನ್ನುವ ಇನ್ನೊಂದು ದುಬಾರಿ ಬ್ಯಾಗಿನ ಕಂಪನಿ ಕೂಡ ಕೊಡುವುದಿಲ್ಲ. ಹಾಗಾಗಿ ಕಾರ್ಡು ಇದೆ ಅನ್ನುವುದು ನಿಮಗೆ ಧೈರ್ಯ ಕೊಡುವ ಮಾತಲ್ಲ. ಅದನ್ನು ಮೊದಲು ತರಿಸಿ ನೋಡಿ. ಅಂಗಡಿಯವರು ಬೆಲೆ ಬರೆದ ಚೀಟಿಯನ್ನೇ ಕಾರ್ಡು ಅನ್ನುತ್ತಿರಬಹುದು, ಅದಾದರೆ ತೊಂದರೆ ಇಲ್ಲ.

ಬಿಲ್ಲಿನಲ್ಲಿ ದೇಶ ಮತ್ತು ಹಣ ನೋಡಿ. 1998ರಲ್ಲಿ ಪ್ಯಾರಿಸ್‌ನಲ್ಲಿ ಕೊಂಡಿದ್ದರೆ ಬಿಲ್ಲು ಫ್ರಾಂಕ್‌ನಲ್ಲಿರಬೇಕು. ಯೂರೋ ಲೆಕ್ಕಕ್ಕೆ ಬಂದದ್ದು 1999ರಲ್ಲಿ, ನೋಟು ಕೈಗೆ ಬಂದದ್ದು 2002ರಲ್ಲಿ. ಭಾರತದ ಅಂಗಡಿಯ ಬಿಲ್ಲು ಅಂದರೆ ಇನ್ನೂ ಸುಲಭ: ಇಲ್ಲಿ ಅವರ ಮೊದಲ ಅಂಗಡಿ ತೆರೆದದ್ದೇ 2003ರಲ್ಲಿ, ದೆಹಲಿಯಲ್ಲಿ. ಬೆಂಗಳೂರಿನ ಯುಬಿ ಸಿಟಿ ಅಂಗಡಿಗೆ ಹೋಗಿ ಅಸಲಿನಾ ಅಂತ ಕೇಳೋಣ ಅಂದುಕೊಂಡಿದ್ದರೆ ಸುಮ್ನೆ ಅಷ್ಟು ದೂರ ಹೋಗಬೇಡಿ. ಸೆಕೆಂಡ್ ಹ್ಯಾಂಡ್ ಬ್ಯಾಗಿಗೆ ಕಂಪನಿ ಆ ಪ್ರಮಾಣ ಬರೆದುಕೊಡುವುದಿಲ್ಲ.

ಶನೆಲ್ ವಿಷಯ ಚುಟುಕಾಗಿ. ಅದರಲ್ಲಿ 1984ರಿಂದ ಒಳಗೆ ಸಂಖ್ಯೆಯ ಸ್ಟಿಕ್ಕರ್ ಇದೆ. ಏಳು ಅಂಕಿ ಇದ್ದರೆ ಹಳೇದು, 2005ರ ಸುಮಾರಿನಿಂದ ಎಂಟು ಅಂಕಿ. 2021ರಿಂದ ಸ್ಟಿಕ್ಕರ್ ಹೋಗಿ ಚಿಪ್ ಇರುವ ಲೋಹದ ತಗಡು ಬಂತು. ಜೊತೆಗೆ ಕೊಡುತ್ತಿದ್ದ ಕಪ್ಪು ಕಾರ್ಡಿನ ಸಂಖ್ಯೆ ಸ್ಟಿಕ್ಕರಿಗೆ ಹೊಂದಲೇಬೇಕು. ಬೀಗದ ಮೇಲೆ ಶನೆಲ್ ಗುರುತಾಗಿ ಹೆಣೆದುಕೊಂಡಿರುವ ಎರಡು ‘ಸಿ’ಗಳಲ್ಲಿ ಮೇಲ್ಗಡೆ ಬಲಗಡೆಯ ‘ಸಿ’ ಎಡದ್ದರ ಮೇಲೆ ಹೋಗಬೇಕು, ಕೆಳಗಡೆ ಎಡದ್ದು ಬಲದ್ದರ ಮೇಲೆ. ಹೊರಗಿನ ಜೇಬಿನ ಹೊಲಿಗೆ ಗೆರೆಗಳು ಬ್ಯಾಗಿನ ಮೈಯ ಗೆರೆಗಳಿಗೆ ತಪ್ಪದೆ ಕೂಡಬೇಕು. ಆದರೆ ಶನೆಲ್‌ಗೆ ಬೆಲೆ ತುಂಬಾ ಜಾಸ್ತಿ, ನಕಲಿ ಕೆಲಸವೂ ಅಷ್ಟೇ ನಾಜೂಕು. ಅದನ್ನು ಫೋಟೋ ನೋಡಿ ಕೊಳ್ಳಬೇಡಿ. ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವ ಸೇವೆಗಳಿವೆ, ಮಾರುವವರ ಒಪ್ಪಿಗೆ ಪಡೆದು ಅಲ್ಲಿ ತೋರಿಸಿ.

ಸ್ಪೀಡಿಗೆ ಈಗ ಮಾಡಬೇಕಾದ್ದು ಇಷ್ಟೇ. ಮುಂಗಡ ಕಳಿಸಬೇಡಿ. ಸಕಲೇಶಪುರ ದೂರವೇನಲ್ಲ, ಹಗಲು ಹೊತ್ತಿನಲ್ಲಿ ಹೋಗಿ, ಬ್ಯಾಗನ್ನು ಜಗಲಿಗೆ ತಂದು ಬಿಸಿಲಿನಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಚರ್ಮದ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಹಿಡಿಕೆ ಬದಲಾಯಿಸಿದ್ದೀರಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಎಲ್ಲಿ, ಯಾವಾಗ, ರಶೀದಿ ಇದೆಯಾ ಅಂತಲೂ ಕೇಳಿ. ಅಜ್ಜಿಯ ವಸ್ತುವನ್ನು ನಿಜವಾಗಿ ಮಾರುತ್ತಿರುವವರು ಇದಕ್ಕೆಲ್ಲ ಬೇಸರ ಮಾಡಿಕೊಳ್ಳುವುದಿಲ್ಲ. ಹೆಸರಿನ ಮುದ್ರೆ, ಪೈಪಿಂಗ್ ಪಕ್ಕದಲ್ಲಿ ಹಿಡಿಕೆ, ಪಟ್ಟಿಯ ಒಳಮೈ, ಬಿಲ್ಲು, ಇವುಗಳ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.