‘ಹಂಗ ಒಂದ್ ದಿನ ಅಂತ ಇಲ್ಲರಿ ಮೇಡಮ್ರ’

ಅವರನ್ನು ರುದ್ರಪ್ಪ ಎಂದು ಕರೆಯೋಣ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 61. ಹುಬ್ಬಳ್ಳಿ-ಧಾರವಾಡ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ನಿವೃತ್ತರಾಗಿ ವರ್ಷವಾಗಿತ್ತು. ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆ ಕೊಡುವ ನನ್ನ ಹತ್ತಿರ ಮಗ ಕರೆದುಕೊಂಡು ಬಂದಿದ್ದ.

‘ಅಪ್ಪಾಜಿಗೆ ಮರವು ಶುರು ಆಗೇತ್ರಿ. ಏನ್ ಕೇಳಿದ್ರೂ ನೆನಪಿಲ್ಲ ಅಂತಾರ. ತಲಿ ಸ್ಕ್ಯಾನ್ ಮಾಡಿಸೋಣೇನ್ರಿ?’

ಹೆಂಡತಿ ಹೇಳಿದ್ದು ಬೇರೆ. ‘ನಸುಕಿನ್ಯಾಗ ಮೂರಕ್ಕ ಏಳ್ತಾರ್ರಿ. ಗ್ವಾಡಿ ನೋಡ್ಕೋತ ಸುಮ್ನ ಕೂಡ್ತಾರ. ರೊಟ್ಟಿ ಒಂದ ತಿಂದ್ರ ಭಾಳ.’

ಮರೆವೋ ಅಲ್ಲವೋ ನೋಡಲು ನಾನೊಂದು ಸಣ್ಣ ಪರೀಕ್ಷೆ ಮಾಡಿದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸ್ಟಾಪ್ ಹೇಳ್ರಿ ಕಾಕಾ ಅಂದೆ. ಹೊಸೂರು, ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು, ವಿದ್ಯಾಗಿರಿ, ಟೋಲ್ ನಾಕಾ, ಜುಬಿಲಿ ಸರ್ಕಲ್. ಎಲ್ಲೂ ತಡವರಿಸಲಿಲ್ಲ. ನಡುವೆ ನನ್ನದೇ ಒಂದು ತಪ್ಪು ತಿದ್ದಿದರು!

ಹಾಗಂತ ನಾನೇ ತೀರ್ಪು ಕೊಡುವ ಹಾಗಿಲ್ಲ. ಈ ವಯಸ್ಸಿನಲ್ಲಿ ಖಿನ್ನತೆ ಮರೆವಿನ ವೇಷದಲ್ಲಿ ಬರುವುದುಂಟು, ಎರಡೂ ಜೊತೆಗೇ ಇರುವುದೂ ಉಂಟು. ಥೈರಾಯ್ಡ್ ಅಥವಾ ಬಿ12 ಕಡಿಮೆಯಾದರೂ ಹೀಗೇ ಕಾಣಿಸುತ್ತದೆ. ಮನೋವೈದ್ಯರ ಹತ್ತಿರ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಖಿನ್ನತೆ ಅಂದರು, ಮಾತ್ರೆ ಶುರು ಮಾಡಿದರು, ಮಾತಿಗೆ ನನ್ನ ಹತ್ತಿರ ವಾಪಸ್ ಕಳಿಸಿದರು. ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 19 ಬಂದಿತ್ತು. ಜಾಸ್ತಿಯೇ.

ಅದರ ಒಂಬತ್ತನೇ ಪ್ರಶ್ನೆಯನ್ನು ನಾನು ಯಾವತ್ತೂ ಕಾಗದಕ್ಕೆ ಬಿಡುವುದಿಲ್ಲ, ಬಾಯಿಬಿಟ್ಟೇ ಕೇಳುತ್ತೇನೆ. ಸಾಯಬೇಕು ಅನಿಸಿದೆಯಾ ಕಾಕಾ? ‘ಮಲಗಿದವ ಏಳಬಾರ್ದು ಅನಸ್ತೈತ್ರಿ. ಮತ್ತೇನ ಮಾಡ್ಕೊಳ್ಳೂ ವಿಚಾರ ಇಲ್ಲ.’ ಇದನ್ನು ವೈದ್ಯರಿಗೆ ತಿಳಿಸಿದೆ. ಮಾತ್ರೆಯ ಡಬ್ಬಿ ಹೆಂಡತಿಯ ಹತ್ತಿರ ಇರಲಿ ಅಂದೆ. ರಾತ್ರಿ ಹೊತ್ತಿನಲ್ಲೂ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ಅವರ ಫೋನಿನಲ್ಲಿ ನಾನೇ ಸೇರಿಸಿ ಕೊಟ್ಟೆ.

ಎರಡನೇ ಭೇಟಿಯಲ್ಲಿ ಒಂದೊಂದೇ ಪದ ಕೊಟ್ಟು, ಇದಕ್ಕೆ ಹೊಂದುವ ಯಾವುದಾದರೂ ಒಂದು ದಿನದ ಘಟನೆ ಹೇಳಿ ಅಂದೆ. ‘ಖುಷಿ’ ಅಂದಾಗ ಬಂದ ಉತ್ತರ: ‘ಹುಡುಗ್ರು ಸಣ್ಣಾವ್ರಿದ್ದಾಗ ಛಲೋ ಇತ್ರಿ.’ ಯಾವ ದಿನ? ‘ಹಂಗ ಒಂದ್ ದಿನ ಅಂತ ಇಲ್ಲರಿ ಮೇಡಮ್ರ. ದಿನಾ ಡ್ಯೂಟಿ.’ ‘ತಪ್ಪು’ ಅಂದೆ. ‘ನನ್ನಿಂದ ಯಾರಿಗೂ ಸುಖ ಆಗ್ಲಿಲ್ಲ.’ ಹತ್ತು ಪದ ಮುಗಿದರೂ ಒಂದು ದಿನ ಸಿಗಲಿಲ್ಲ.

ಈ ಪರೀಕ್ಷೆ ನನ್ನದಲ್ಲ. ಇಂಗ್ಲೆಂಡಿನ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ 1986ರಲ್ಲಿ ಇದರ ಬಗ್ಗೆ ಬರೆದರು. ವಿಪರೀತ ಮಾತ್ರೆ ನುಂಗಿ ಆಸ್ಪತ್ರೆ ಸೇರಿದ್ದವರಿಗೆ ಹೀಗೇ ಪದ ಕೊಟ್ಟು ನೋಡಿದ್ದರು. ಘಟನೆ ಕೇಳಿದರೆ ಅವರು ಒಟ್ಟಾರೆ ಮಾತು ಹೇಳುತ್ತಿದ್ದರು. ಆಮೇಲೆ ಖಿನ್ನತೆ ಇರುವವರಲ್ಲೂ ಇದೇ ಮತ್ತೆ ಮತ್ತೆ ಕಂಡಿತು.

ಇದಕ್ಕೆ ಕಾರಣ ಒಂದೇ ಅಲ್ಲ. ನೆನಪನ್ನು ಹುಡುಕುವಾಗ ಮನಸ್ಸು ಮೊದಲು ಸಗಟು ವಿಷಯಕ್ಕೆ ಬರುತ್ತದೆ, ‘ಡ್ಯೂಟಿ ದಿನಗಳು’ ಅನ್ನುವ ಹಾಗೆ. ಅಲ್ಲಿಂದ ಒಂದು ದಿನಕ್ಕೆ ಇಳಿಯಬೇಕು. ಖಿನ್ನತೆಯಲ್ಲಿ ಆ ಮೊದಲ ಮೆಟ್ಟಿಲಲ್ಲೇ ‘ನಾನು ಯಾತಕ್ಕೂ ಬಾರದವ’ ಎಂಬ ಯೋಚನೆ ಹಿಡಿದು ನಿಲ್ಲಿಸುತ್ತದೆ. ಇನ್ನು ಕೆಲವರಿಗೆ ವಿವರಕ್ಕೆ ಇಳಿದರೆ ನೋವಾಗುತ್ತದೆ ಅಂತ ಮನಸ್ಸೇ ಅಲ್ಲಿಂದ ವಾಪಸಾಗುತ್ತದೆ. ಸುಸ್ತೂ ಇರುತ್ತದೆ. ಹುಡುಕುವುದಕ್ಕೆ ತ್ರಾಣ ಬೇಕಲ್ವಾ?

ಮಗನಿಗೆ ಸ್ಕ್ಯಾನಿನ ಆಸೆ ಬಿಟ್ಟಿರಲಿಲ್ಲ. ಅವನಿಗೆ ಹೇಳಿದ್ದಿಷ್ಟು. ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಒಂದು ಘಟನೆಯ ಜಾಗ, ಹೊತ್ತು, ಜನ ಎಲ್ಲವನ್ನೂ ಒಟ್ಟಿಗೆ ಹೆಣೆದಿಡುತ್ತದೆ. ಖಿನ್ನತೆ ಇರುವವರ ಗುಂಪಿನಲ್ಲಿ ಸರಾಸರಿ ನೋಡಿದರೆ ಅದು ತುಸು ಚಿಕ್ಕದಿರುತ್ತದೆ. ಆದರೆ ಆ ವ್ಯತ್ಯಾಸ ತೀರಾ ಸಣ್ಣದು, ಒಬ್ಬರ ಸ್ಕ್ಯಾನ್ ಹಿಡಿದು ಖಿನ್ನತೆ ಇದೆ, ಇಲ್ಲ ಅನ್ನಲಾಗದು. ಭಾವನೆಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗವೂ ಇದೆ. ಅಮೆರಿಕದಲ್ಲಿ ಕಿಂಬರ್ಲಿ ಯಂಗ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಖಿನ್ನತೆ ಇದ್ದವರು ಸ್ಕ್ಯಾನರಿನೊಳಗೆ ಮಲಗಿ, ಖುಷಿಯ ನೆನಪುಗಳನ್ನು ತಂದುಕೊಂಡು, ಅಮಿಗ್ಡಲದ ಚಟುವಟಿಕೆ ಏರುವುದನ್ನು ಪರದೆಯ ಮೇಲೆ ನೋಡುತ್ತಾ ಅದನ್ನು ಇನ್ನೂ ಏರಿಸಲು ಕಲಿತರು. ಅವರ ಖಿನ್ನತೆ ಇಳಿಯಿತು, ನಿರ್ದಿಷ್ಟ ದಿನಗಳ ನೆನಪೂ ಹೆಚ್ಚಿತು. ಅಂಥ ಯಂತ್ರ ನನ್ನ ಕೋಣೆಯಲ್ಲಿಲ್ಲ. ಎರಡು ಕುರ್ಚಿ, ಒಂದು ಫ್ಯಾನು ಅಷ್ಟೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ದಿನಾ ಒಂದು ಖುಷಿಯ ನೆನಪು ಬರೀರಿ ಅಂತ ನೋಟ್‌ಬುಕ್ ಕೊಟ್ಟೆ. ಮುಂದಿನ ವಾರ ಅದು ಖಾಲಿ ಬಂತು. ಮುಖ ಇನ್ನಷ್ಟು ಇಳಿದಿತ್ತು. ‘ಖುಷಿ ನೆನಸ್ಕೊಂಡ್ರ ಇನ್ನೂ ಸಂಕಟ ಆಗ್ತೈತ್ರಿ. ಆಗ ಇತ್ತು, ಈಗಿಲ್ಲ.’ ಖಿನ್ನತೆ ಜೋರಿದ್ದಾಗ ಒಳ್ಳೆಯ ನೆನಪು ತಾನಾಗಿ ಮನಸ್ಸನ್ನು ಎತ್ತದೇ ಇರಬಹುದು, ಕೆಲವೊಮ್ಮೆ ಇನ್ನೂ ಕೆಳಗೆ ತಳ್ಳುತ್ತದೆ. ಓದಿ ಗೊತ್ತಿದ್ದೂ ಆತುರಪಟ್ಟೆ. ಅವರ ಮುಂದೆಯೇ ಒಪ್ಪಿಕೊಂಡೆ.

ಖುಷಿ, ದುಃಖ ಎರಡನ್ನೂ ಬಿಟ್ಟೆವು. ಅವರ ಕೆಲಸದ ಪದಗಳನ್ನೇ ತೆಗೆದುಕೊಂಡೆವು. ಸೀಟಿ, ಚಿಲ್ಲರೆ, ಡಿಪೋ, ಮಳೆ. ‘ಮಳೆ’ ಅಂದಾಗ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನಕ್ಕೆ: ‘ಉಣಕಲ್ ಹತ್ರ ಗಾಡಿ ನಿಂತಿತ್ರಿ. ರಸ್ತೆ ಮ್ಯಾಲ ನೀರು. ನವಲೂರಿನ ಒಬ್ಬಾಕಿ ಅಜ್ಜಿ, ಬುಟ್ಟಿ ಪೇರಲಹಣ್ಣು ಮಾರಾಕ ತಂದಾಕಿ, ಉಳಿದಾವ್ನ ಎಲ್ಲಾರಿಗೂ ಹಂಚಿದ್ಲು. ನನ್ನ ಟಿಕೆಟ್ ಬಂಡಲ್ ತೊಯ್ದಿತ್ತು. ಬಾನೆಟ್ ಮ್ಯಾಲ ಒಣಗಾಕ ಇಟ್ಟಿದ್ನಿರಿ. ಒಂದ ಕೈಯಾಗ ಪೇರಲ, ಒಂದ ಕೈಯಾಗ ಟಿಕೆಟ್.’

ಯಾವ ವರ್ಷ ಅಂತ ಗೊತ್ತಿಲ್ಲ ಅಂದರು. ಬೇಕಾಗಿಯೂ ಇರಲಿಲ್ಲ. ನಕ್ಕರು ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಅಜ್ಜಿ ಯಾವ ಸೀಟಿನಲ್ಲಿದ್ದಳು ಅಂತ ನಾನು ಕೇಳಿದಾಗ, ಕೈ ಎತ್ತಿ ನನ್ನ ಕೋಣೆಯಲ್ಲೇ ಬಾಗಿಲಿನ ಪಕ್ಕ ತೋರಿಸಿದರು.

ಅಲ್ಲಿಂದ ಮುಂದೆ ಕೊಟ್ಟ ಸಲಹೆ ಹೀಗಿತ್ತು. ನೋಟ್‌ಬುಕ್ ಇರಲಿ, ಆದರೆ ಹಳೆಯ ನೆನಪು ಬೇಡ. ಮಲಗುವ ಮೊದಲು ಇವತ್ತಿನ ಒಂದೇ ಸಂಗತಿ ಬರೆಯುವುದು: ಎಲ್ಲಿ, ಎಷ್ಟು ಹೊತ್ತಿಗೆ, ಯಾರು, ಏನು ಕಂಡಿತು. ಒಳ್ಳೆಯದೇ ಆಗಬೇಕೆಂದಿಲ್ಲ. ‘ಯಾವಾಗ್ಲೂ’, ‘ಎಂದೂ’ ಎಂಬ ಮಾತು ತಲೆಗೆ ಬಂದರೆ ‘ಯಾವ ದಿನ?’ ಅಂತ ತಮ್ಮನ್ನೇ ಕೇಳಿಕೊಳ್ಳುವುದು. ಬರೆಯಲು ಏನಾದರೂ ಬೇಕಲ್ಲ, ಅದಕ್ಕೆ ವಾರಕ್ಕೆ ಎರಡು ಸಲ ಹೊರಗೆ ಹೋಗುವುದು. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಬಿಡುವ ಹಾಗಿಲ್ಲ, ಚಲೋ ಆಯಿತು ಅನಿಸಿದ ಮೇಲೂ ವೈದ್ಯರನ್ನು ಕೇಳದೆ ಬಿಡುವ ಹಾಗಿಲ್ಲ. ಮಗನಿಗೆ ಬೇರೆ ಹೇಳಿದೆ: ನಿನ್ನೆ ಏನು ಊಟ ಮಾಡಿದಿರಿ ಅಂತ ಅಪ್ಪನ ಪರೀಕ್ಷೆ ತಗೊಳ್ಳುವುದು ನಿಲ್ಲಿಸು. ಸೋತೆ ಅಂತ ದಿನಾ ತೋರಿಸಿಕೊಟ್ಟ ಹಾಗಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಪಘಾತ, ಹಿಂಸೆ, ಹತ್ತಿರದವರ ಸಾವು ಇಂಥ ನೆನಪುಗಳ ವಿವರಕ್ಕೆ ಮನೆಯವರು ಒತ್ತಾಯ ಮಾಡಿ ಇಳಿಸಬಾರದು. ಅದಕ್ಕೆ ತರಬೇತಿ ಪಡೆದವರು ಜೊತೆಗಿರಬೇಕು.

ಒಂಬತ್ತನೇ ಭೇಟಿಗೆ ಆ ಒಂಬತ್ತು ಪ್ರಶ್ನೆಗಳ ಪಟ್ಟಿಯ ಅಂಕ 11ಕ್ಕೆ ಇಳಿದಿತ್ತು. ಮಾತ್ರೆಯಿಂದಲೋ ನೋಟ್‌ಬುಕ್ಕಿನಿಂದಲೋ, ಬೇರ್ಪಡಿಸಿ ಹೇಳಲಾರೆ. ನಿದ್ದೆ ಈಗಲೂ ನಾಲ್ಕೂವರೆಗೇ ಮುಗಿಯುತ್ತದೆ. ಆವತ್ತು ಓದಿ ತೋರಿಸಿದ ಪುಟ ಇದು:

‘ಗುರುವಾರ, ಮುಂಜಾನೆ ಹತ್ತೂವರೆ. ನವನಗರದಾಗ ಬಸ್ ಹತ್ತಿದೆವು. ನಮ್ಮ ಮನಿಯಾಕಿದು ಶಕ್ತಿ ಟಿಕೆಟ್, ಸೊನ್ನೆ. ಮೊಮ್ಮಗನ ಅರ್ಧ ಟಿಕೆಟ್ಟಿಗೆ ಎರಡು ರೂಪಾಯಿ ಚಿಲ್ಲರೆ ಬರಬೇಕಿತ್ತು. ಕಂಡಕ್ಟರ್ ಹುಡುಗ “ಇಳಿಯೂ ಮುಂದ ಇಸ್ಕೊರಿ ಕಾಕಾ” ಅಂದ. ಈ ಮಾತು ನಾನು ಎಷ್ಟು ಮಂದಿಗೆ ಹೇಳೀನೋ. ಟೋಲ್ ನಾಕಾದಾಗ ನಿಂತು ಇಸ್ಕೊಂಡೆ.’