ಸಿಒ2 ಇಲ್ಲದ, ಗಿಡ ಬೆಳೆಸುವ ಎರಡಡಿ ಮೀನಿನ ಟ್ಯಾಂಕಿಗೆ ಎಂಥ ಲೈಟು ಬೇಕು?

ಮಡಿಕೇರಿಯ ಮನೆ, 60×30×36 ಸೆಂ.ಮೀ. ಟ್ಯಾಂಕ್, ಅನುಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾ ಗಿಡಗಳು, ಹೊರಗಿನಿಂದ ಸಿಒ2 (ಇಂಗಾಲದ ಡೈಆಕ್ಸೈಡ್) ಹಾಯಿಸುವ ವ್ಯವಸ್ಥೆ ಇಲ್ಲ. ದುಬಾರಿ ಆರ್‌ಜಿಬಿ (ಕೆಂಪು-ಹಸಿರು-ನೀಲಿ) ಲೈಟು ತೆಗೆದುಕೊಳ್ಳಬೇಕೇ, ಕಿಟಕಿಯ ಬೆಳಕೇ ಸಾಕೇ ಎಂದು ಕೇಳಿದ್ದೀರಿ. ಎರಡೂ ಬೇಡ.

ಎಷ್ಟು ಬೆಳಕು ಬೇಕೆಂಬುದು ನೀರಿನಲ್ಲಿ ಎಷ್ಟು ಸಿಒ2 ಇದೆ ಎಂಬುದರ ಮೇಲೆ ನಿಂತಿದೆ. ಅದು ಕಡಿಮೆಯಿದ್ದಾಗ ಲೈಟು ಜೋರು ಮಾಡಿದರೆ ಗಿಡ ಬಳಸಲಾಗದೆ ಬಿಟ್ಟದ್ದೆಲ್ಲ ಪಾಚಿಯ ಪಾಲು. ಮಡಿಕೇರಿಯ ಚಳಿಗೆ ನೀರು ತಣ್ಣಗಿದ್ದರಂತೂ ಗಿಡ ಇನ್ನೂ ನಿಧಾನ.

ನಿಮ್ಮ ಟ್ಯಾಂಕ್ ಲೆಕ್ಕಕ್ಕೆ 65 ಲೀಟರ್; ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ 55ರ ಆಸುಪಾಸು. ನಿಮ್ಮ ಗಿಡಗಳಿಗೆ ಲೀಟರಿಗೆ 15ರಿಂದ 20 ಲ್ಯೂಮೆನ್ (ಲೈಟು ಕೊಡುವ ಒಟ್ಟು ಬೆಳಕಿನ ಅಳತೆ) ಸಾಕು, ಅಂದರೆ ಸುಮಾರು 1000. ಎಲೆಕ್ಟ್ರಿಕಲ್ ಅಂಗಡಿಯ 2 ಅಡಿಯ 10 ವಾಟ್ ಎಲ್‌ಇಡಿ ಬ್ಯಾಟನ್ (ಪಟ್ಟಿಯಂಥ ಟ್ಯೂಬ್‌ಲೈಟು) ಅಷ್ಟು ಕೊಡುತ್ತದೆ. ಡಬ್ಬಿಯ ಮೇಲೆ ವಾಟ್ ಅಲ್ಲ, ಲ್ಯೂಮೆನ್ ಓದಿ; ಬಣ್ಣ 6500ಕೆ (ಹಗಲಿನಂಥ ಬಿಳಿ) ಇರಲಿ, ಸಿಆರ್‌ಐ (ನಿಜಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆಂಬ ಅಳತೆ) 80ಕ್ಕಿಂತ ಕಡಿಮೆ ಬೇಡ. ನೇರಳೆ ಬಣ್ಣದ ಗ್ರೋ ಲೈಟಿನಲ್ಲಿ ಗಿಡ ಬೆಳೆದೀತು, ಆದರೆ ಮೀನು, ಎಲೆ ಯಾವುದರ ನಿಜಬಣ್ಣವೂ ಕಾಣುವುದಿಲ್ಲ.

ನೀರು ತುಂಬುವ ಮುಂಚೆ ಒಂದು ಪರೀಕ್ಷೆ ಮಾಡಿ. ಫೋನಿನಲ್ಲಿ ಲಕ್ಸ್ ಮೀಟರ್ (ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ) ಆ್ಯಪ್ ಹಾಕಿ, ಖಾಲಿ ಟ್ಯಾಂಕಿನ ತಳದಲ್ಲಿ ಫೋನ್ ಮಲಗಿಸಿ. ಬಿಳಿ ಎಲ್‌ಇಡಿಗೆ ಲಕ್ಸನ್ನು 70ರಿಂದ ಭಾಗಿಸಿದರೆ ಪಾರ್ ಮೌಲ್ಯ (ಗಿಡ ಬಳಸಬಲ್ಲ ಬೆಳಕಿನ ಅಳತೆ) ಅಂದಾಜಾಗಿ ಸಿಗುತ್ತದೆ. 1500ರಿಂದ 2500 ಲಕ್ಸ್ ಬಂದರೆ ಸರಿ. ಹೆಚ್ಚು ಬಂದರೆ ಬ್ಯಾಟನನ್ನು 10 ಸೆಂ.ಮೀ. ಮೇಲೆತ್ತಿ ಮತ್ತೆ ಅಳೆಯಿರಿ.

ಬ್ಯಾಟನ್ ನೀರಿಗಾಗಿ ಮಾಡಿದ್ದಲ್ಲ. ಟ್ಯಾಂಕಿಗೆ ಗಾಜಿನ ಮುಚ್ಚಳ ಇರಲೇಬೇಕು. ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಇಳಿಬಿದ್ದು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ಮನೆಯೊಳಗೇ ತೇವ ತುಂಬಿರುವ ಊರಿನಲ್ಲಿ ಇದನ್ನು ಅಲಕ್ಷಿಸಬೇಡಿ. ಮುಚ್ಚಳಕ್ಕೆ ಕಟ್ಟುವ ಬಿಳಿ ಕರೆಯನ್ನು ವಾರಕ್ಕೊಮ್ಮೆ ಒರೆಸಿ, ಅದು ಬೆಳಕು ನುಂಗುತ್ತದೆ.

ಲೈಟಿಗಿಂತ ಮುಖ್ಯ ಟೈಮರ್. ಮೊದಲ ತಿಂಗಳು ದಿನಕ್ಕೆ 6 ಗಂಟೆ, ಪಾಚಿ ಕಾಣದಿದ್ದರೆ ಆಮೇಲೆ 8. ತಿರುಗುವ ಮುಳ್ಳಿನ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ಜುಲೈಯಲ್ಲಿ ಎರಡು ದಿನ ಕರೆಂಟಿಲ್ಲದಿದ್ದರೆ ಆಮೇಲೆ ಲೈಟು ಹೊತ್ತುವ ಹೊತ್ತೇ ಏರುಪೇರು. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಕೊಳ್ಳಿ. ಎರಡು ದಿನದ ಕತ್ತಲೆಯಿಂದ ಗಿಡಕ್ಕೆ ಏನೂ ಆಗದು, ಮರುದಿನ ಹೆಚ್ಚು ಹೊತ್ತು ಉರಿಸಿ ಸರಿದೂಗಿಸಲು ಹೋಗಬೇಡಿ. ಇನ್ವರ್ಟರ್ ಇದ್ದರೆ ಅದನ್ನು ಏರ್ ಪಂಪಿಗೆ ಮೀಸಲಿಡಿ, ಕಷ್ಟವಾಗುವುದು ಮೀನಿಗೆ.

ಕಿಟಕಿ ಬೇಡವೆಂದದ್ದೂ ಇದಕ್ಕೇ: ಮಳೆಗಾಲದಲ್ಲಿ ಅಲ್ಲಿ ಬೆಳಕೇ ಇರದು, ಜನವರಿಯ ನೇರ ಬಿಸಿಲಿಗೆ ನೀರು ಹಸಿರಾಗುತ್ತದೆ.

ಅನುಬಿಯಾಸ್ ಎಲೆಯ ಮೇಲೆ ಒರೆಸಿದರೂ ಹೋಗದ ಹಸಿರು ಚುಕ್ಕೆ ಬಂದರೆ ಗಿಡವನ್ನು ಮರದ ತುಂಡಿನ ನೆರಳಿಗೆ ಸರಿಸಿ, ದಿನದ ಬೆಳಕಿನ ಅವಧಿಯನ್ನು ಒಂದು ಗಂಟೆ ಇಳಿಸಿ. ಹೊಸ ಟ್ಯಾಂಕಿನ ಕಂದು ಪುಡಿ ಬೇರೆ, ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಮುಂದೆ ರೋಟಾಲಾದಂಥ ಕೆಂಪು ಗಿಡ ಬೇಕೆನಿಸಿದರೆ ಮೊದಲು ಸಿಒ2, ಆಮೇಲೆ ಎರಡನೇ ಬ್ಯಾಟನ್. ಸಿಒ2 ತಯಾರಿಸುವ ಸಕ್ಕರೆ-ಯೀಸ್ಟ್ ಬಾಟಲಿ ನಿಮ್ಮಲ್ಲಿಯ ಚಳಿಗೆ ಮಂಕಾಗುತ್ತದೆ, ಸಿಲಿಂಡರನ್ನೇ ನೋಡಿ.